ಲ್ಯುಕೇಮಿಯಾ ಸಂಶೋಧನೆಗೆ ವಿದೇಶಕ್ಕೇ ಹೋಗಬೇಕಾ?

ಮಂಗಳೂರಲ್ಲಿ ಎಂಎಸ್‌ಸಿ ಮುಗಿಸಿದ್ದೀರಿ, ರಕ್ತದ ಕ್ಯಾನ್ಸರಿಗೆ ಔಷಧಿ ಕಂಡುಹಿಡಿಯುವ ಆಸೆ ಉಂಟು, ಪಿಎಚ್‌ಡಿಗೆ ವಿದೇಶಕ್ಕೆ ಹೋಗದೆ ಬೇರೆ ದಾರಿ ಇಲ್ವಾ ಅಂತ ಕೇಳಿದ್ದೀರಿ. ಉಡುಪಿಯಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ. ಹೋಗಲಿಲ್ಲ. ಆದರೆ ನನ್ನ ಎರಡು ವರ್ಷ ನುಂಗಿದ್ದು ಊರಲ್ಲ, ಒಂದು ಹಸಿರು ಮುಚ್ಚಳ.

ನನ್ನ ವಿಷಯ ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಇದರಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೀನ್ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವುದು ಅದರಿಂದಲೇ. ಈ ರೋಗಕ್ಕೆ ಕೊಡುವ ಇಮಾಟಿನಿಬ್ ಮಾತ್ರೆ ಶುರು ಮಾಡಿದ ಮೇಲೆ ಆ ಜೀನ್ ಯಾರಲ್ಲಿ ಬೇಗ ಇಳಿಯುತ್ತದೆ, ಯಾರಲ್ಲಿ ಇಳಿಯುವುದಿಲ್ಲ ಅಂತ ನೋಡುವುದು ನನ್ನ ಕೆಲಸ.

ಮೊದಲ ಸ್ಯಾಂಪಲ್ ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಬ್ಬ ಹುಡುಗನದ್ದು. ಹೊಟ್ಟೆಯ ಎಡಗಡೆ ಭಾರ ಅಂತ ಬಂದಿದ್ದ. ಕ್ರೋಮೋಸೋಮ್ ಪರೀಕ್ಷೆಗೆ ಹೇಗೂ ಹಸಿರು ಮುಚ್ಚಳದ ಟ್ಯೂಬಿಗೆ ರಕ್ತ ತೆಗೆಯುತ್ತಿದ್ದರು. ಇನ್ನೊಂದು ಟ್ಯೂಬ್ ಯಾಕೆ, ಪಾಪ, ಅದರಲ್ಲೇ ನನಗೂ ಸ್ವಲ್ಪ ಸಾಕು ಅಂದೆ. ದಯೆ ಅಂದುಕೊಂಡಿದ್ದೆ, ದಡ್ಡತನ ಆಗಿತ್ತು.

ಹಸಿರು ಟ್ಯೂಬಿನಲ್ಲಿ ಇರುವುದು ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಕ್ರೋಮೋಸೋಮ್ ನೋಡಲು ಕೋಶಗಳನ್ನು ಜೀವಂತವಾಗಿ ಬೆಳೆಸಬೇಕು, ಅದಕ್ಕೆ ಹೆಪಾರಿನ್ನೇ ಸರಿ. ನಾನು ಮಾಡುವ ಪಿಸಿಆರ್‌ಗೆ, ಅಂದರೆ ಜೀನನ್ನು ನಕಲು ಮಾಡಿ ಹೆಚ್ಚಿಸಿ ಅಳೆಯುವ ಪರೀಕ್ಷೆಗೆ, ಮಾತ್ರ ಅದು ಶತ್ರು. ರಕ್ತದಿಂದ ಆರ್‌ಎನ್‌ಎ (ಕೋಶದೊಳಗಿನ ಜೀನಿನ ಪ್ರತಿ) ಬೇರ್ಪಡಿಸಿ ತೆಗೆದರೂ ಜೊತೆಗೇ ಅಂಟಿಕೊಂಡು ಬಂದು ಕಿಣ್ವಗಳ ಕೈಕಟ್ಟುತ್ತದೆ. ಪಿಸಿಆರ್‌ಗೆ ಬೇಕಾದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಇಡಿಟಿಎ ಕೂಡ ಹೆಪ್ಪುಗಟ್ಟದಂತೆ ತಡೆಯುವುದೇ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ ಮಾರಾಯ್ರೆ!

ಒಂದು ಸ್ಯಾಂಪಲ್ ಆಗಲೇ ಪಿಸಿಆರ್‌ನಲ್ಲಿ ಓಡಿಸಿ ನೋಡಿದ್ದರೆ ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ಕಿಟ್ ದುಬಾರಿ, ಎಲ್ಲ ಒಟ್ಟಿಗೆ ಮಾಡೋಣ ಅಂತ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಪೇರಿಸಿದೆ. ಎರಡು ವರ್ಷಕ್ಕೆ 58 ಆಯಿತು. ಕೊನೆಗೆ ಓಡಿಸಿದಾಗ ಒಂದರಲ್ಲೂ ಬಿಸಿಆರ್-ಎಬಿಎಲ್ ಇಲ್ಲ. ಮಾತ್ರೆ ಕೆಲಸ ಮಾಡಿದೆ ಅಂತ ಒಂದು ಗಂಟೆ ಖುಷಿಯಲ್ಲಿದ್ದೆ! ಆಮೇಲೆ ಕಂಟ್ರೋಲ್ ಜೀನ್ ನೋಡಿದೆ. ಅದು ಎಲ್ಲರಲ್ಲೂ ಬರಲೇಬೇಕು. ಅದೂ ಬಂದಿರಲಿಲ್ಲ. (ರೋಗಿಗಳ ವರದಿ ಬೇರೆ ಲ್ಯಾಬಿನಿಂದ ಹೋಗುತ್ತಿತ್ತು, ಚಿಕಿತ್ಸೆಗೆ ತೊಂದರೆ ಆಗಲಿಲ್ಲ. ಇಲ್ಲದಿದ್ದರೆ ನನಗೆ ಇವತ್ತಿಗೂ ನಿದ್ದೆ ಬರುತ್ತಿರಲಿಲ್ಲ.)

ಹೆಪಾರಿನ್ ಕತ್ತರಿಸುವ ಹೆಪಾರಿನೇಸ್ ಅಂತ ಕಿಣ್ವ ಉಂಟು. ಅದರಿಂದ 11 ಉಳಿಯಿತು. ಉಳಿದವರನ್ನು ಮತ್ತೆ ಕರೆದೆ. ಬೋಟಿನ ಹುಡುಗ, 'ಅಕ್ಕಾ, ಜೂನಿನಲ್ಲಿ ಬೋಟ್ ನಿಂತ ಮೇಲೆ ಬರ್ತೇನೆ' ಅಂದ. ಬಂದ ಕೂಡ. ಆದರೆ ಮಾತ್ರೆ ಶುರುವಾಗುವ ಮೊದಲಿನ ರಕ್ತ ಮತ್ತೆ ಎಲ್ಲಿ ಸಿಗುತ್ತದೆ? ಎಲ್ಲಿಂದ ಇಳಿಯಿತು ಅಂತ ಗೊತ್ತಿಲ್ಲದೆ ಎಷ್ಟು ಇಳಿಯಿತು ಅಂತ ಹೇಗೆ ಬರೆಯುವುದು?

ಇನ್ನು ನಿಮ್ಮ ಪ್ರಶ್ನೆ. ವಿದೇಶವೋ ಊರೋ ಅನ್ನುವುದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. 'ಔಷಧಿ ಕಂಡುಹಿಡಿಯುತ್ತೇನೆ' ಅನ್ನುವುದನ್ನೂ ಸ್ವಲ್ಪ ಬದಿಗಿಡಿ. ಸಿಎಂಎಲ್ ರೋಗಿಗಳಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು ಗುರುತಿಸಿದ್ದು 1960ರಲ್ಲಿ. ಅದು 9 ಮತ್ತು 22ರ ಅದಲುಬದಲು ಅಂತ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಇಮಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಶುರು ಮಾಡಿದವರಿಗೆ ಕೊನೆಯಲ್ಲಿ ಮಾತ್ರೆ ಬರುತ್ತದೆ ಅಂತ ಕನಸೂ ಇದ್ದಿರಲಿಕ್ಕಿಲ್ಲ.

ನೆಟ್ ಜೆಆರ್‌ಎಫ್ (ಸಂಶೋಧನೆಗೆ ಫೆಲೋಶಿಪ್ ಕೊಡುವ ರಾಷ್ಟ್ರೀಯ ಪರೀಕ್ಷೆ) ಬರೆಯಿರಿ, ಪಾಸಾದರೆ ಐದು ವರ್ಷದ ಖರ್ಚಿಗೆ ದಾರಿಯಾಗುತ್ತದೆ. ಗೈಡ್ ಹುಡುಕುವಾಗ ಅವರ ಪೇಪರ್ ಎಷ್ಟು ಅಂತ ಎಣಿಸಬೇಡಿ. ರೋಗಿಯ ರಕ್ತ ಯಾರು ತೆಗೆಯುತ್ತಾರೆ, ಯಾವ ಟ್ಯೂಬಿಗೆ, ಎಷ್ಟು ಹೊತ್ತಿನಲ್ಲಿ ಲ್ಯಾಬಿಗೆ ಬರುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರೀಜರ್ ಕಥೆ ಎಂತ ಅಂತ ಕೇಳಿ. ಇದಕ್ಕೆ ಉತ್ತರ ಇಲ್ಲದ ಲ್ಯಾಬಿಗೆ, ಅದು ಯಾವ ದೇಶದಲ್ಲೇ ಇರಲಿ, ಹೋಗಬೇಡಿ.

ಅದಕ್ಕೂ ಮೊದಲು ಹತ್ತಿರದ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಮೂರು ತಿಂಗಳು ನಿಲ್ಲಲು ಬಿಡ್ತಾರಾ ಕೇಳಿ. ನನಗೆ ಯಾವ ಟ್ಯೂಬಿನಲ್ಲಿ ಎಂತ ಉಂಟು ಅಂತ ಸರಿಯಾಗಿ ಕಲಿಸಿದ್ದು ಅಲ್ಲಿನ ಟೆಕ್ನಿಷಿಯನ್, 58 ಹೋದ ಮೇಲೆ.