ನೆಟ್ ಆಮೇಲೆ ನೋಡೋಣ, ಮೊದಲು ಚೆಂಡಿನ ಕೆಳಗೆ ಏನು ಹಾಸ್ತೀರಿ ಹೇಳಿ

ಹುಬ್ಬಳ್ಳಿಯಲ್ಲಿ ಸ್ವಂತ ಮನೆ, 10 ಅಡಿ ಅಗಲ 18 ಅಡಿ ಉದ್ದದ ಕಾರ್ ಶೆಡ್, 9 ಅಡಿಗೆ ಸ್ಲ್ಯಾಬ್, ಮುಂದೆ ಶಟರ್. ಅದರಲ್ಲಿ ಗಾಲ್ಫ್ ಪ್ರಾಕ್ಟೀಸ್‌ಗೆ ಯಾವ ನೆಟ್ ಒಳ್ಳೇದು, ಚೆಂಡಿನ ವೇಗ ಅಳೆಯೋ ಮಷಿನ್ ಯಾವುದು ತಗೊಳ್ಳಲಿ, ಹತ್ತು ವರ್ಷದ ಮಗಳಿಗೂ ಕಲಿಸಬಹುದಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನು ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡಿದವನು. ಅಳತೆ ಕೂಡ ಹೆಚ್ಚುಕಮ್ಮಿ ಇದೇ.

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ಅಪ್ಪನ ಆರೋಗ್ಯ ಕೆಟ್ಟಿತು ಅಂತ ಹುಬ್ಬಳ್ಳಿ ವಿದ್ಯಾನಗರದ ಮನೆಗೆ ವಾಪಸ್ ಬಂದೆ. ಗಾಲ್ಫಿನ ರುಚಿ ಹತ್ತಿದ್ದು ಬೆಂಗಳೂರಿನಲ್ಲೇ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ ಒಂದು ಸಲ ಕೆಲಸದ ಮೇಲೆ ರೈಲು ಹತ್ತಿ ಹೋದಾಗಷ್ಟೇ ಆಟ. ಉಳಿದ ದಿನ ಬ್ಯಾಗು ಬಾಗಿಲ ಹಿಂದೆ ನಿಂತಿರುತ್ತಿತ್ತು. ಅಪ್ಪ ಕಾರು ಓಡಿಸೋದು ಬಿಟ್ಟಿದ್ದರು, ಕಾರು ಮಾರಿ ಶೆಡ್ ಖಾಲಿ ಆಗಿತ್ತು. ಮನಸ್ಸು ತಡೀಲಿಲ್ಲ.

ನೆಟ್‌ಗೆ 16 ಸಾವಿರ ಕೊಟ್ಟೆ. ಕಬ್ಬಿಣದ ಪೈಪಿನ ಚೌಕಟ್ಟು ವೆಲ್ಡಿಂಗ್ ಮಾಡಿಸಿದ್ದು ಬೇರೆ. ಕೆಳಗೆ ಹಾಸೋ ಹುಲ್ಲಿನ ಮ್ಯಾಟಿಗೆ 2,200 ರೂಪಾಯಿ. ಮಾರಿದವರು ಗಾಲ್ಫ್ ಮ್ಯಾಟ್ ಅಂದರು, ನಾನು ಹೌದು ಅಂದುಕೊಂಡೆ. ದಪ್ಪ ಒಂದು ಸೆಂಟಿಮೀಟರೂ ಇರಲಿಲ್ಲ. ಅದನ್ನು ಶಹಾಬಾದ್ ಕಲ್ಲಿನ ಫರಸಿ ಮೇಲೆ ನೇರವಾಗಿ ಹಾಸಿ ಜೂನ್ ಮೊದಲ ವಾರ ಶುರು ಮಾಡಿದೆ. ಹೊರಗೆ ಜಿಟಿ ಜಿಟಿ ಮಳೆ, ಒಳಗೆ ನಾನು. ದಿನಾ ಸಂಜೆ ನೂರು, ನೂರೈವತ್ತು ಚೆಂಡು. ಅಷ್ಟು ಖುಷಿಯಿಂದ ನಾನು ಯಾವತ್ತೂ ಪ್ರಾಕ್ಟೀಸ್ ಮಾಡಿರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನನ್ನು ಕೆಡಿಸಿದ್ದು ಇದೊಂದೇ.

ಐರನ್, ಅಂದ್ರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬು (ಗಾಲ್ಫ್ ಕೋಲು), ಹೊಡೆಯುವಾಗ ಅದು ಇಳಿಯುತ್ತಾ ಬಂದು ಮೊದಲು ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ಗ್ರೌಂಡಿನಲ್ಲಿ ಹುಲ್ಲಿನ ಹೆಂಟೆ ಏಳೋದು ಚೆಂಡು ಇದ್ದ ಜಾಗದಿಂದ ಮುಂದೆ. ನಮ್ಮಂಥವರು ಎಷ್ಟೋ ಸಲ ಚೆಂಡಿನ ಹಿಂದಿನ ನೆಲಕ್ಕೆ ಮೊದಲು ಹೊಡೆಯುತ್ತೇವೆ. ನಿಜವಾದ ಹುಲ್ಲಿನಲ್ಲಿ ಹಾಗಾದರೆ ಕ್ಲಬ್ಬು ಮಣ್ಣಿಗೆ ಹೂತು ವೇಗ ಕಳಕೊಳ್ಳುತ್ತದೆ, ಚೆಂಡು ಅರ್ಧ ದೂರಕ್ಕೆ ಬೀಳುತ್ತದೆ, ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ. ಕಲ್ಲಿನ ಮೇಲಿನ ತೆಳು ಮ್ಯಾಟಿನಲ್ಲಿ ಹೂಳೋಕೆ ಜಾಗವೇ ಇಲ್ಲ. ಕ್ಲಬ್ಬು ಪುಟಿದು ಜಾರಿ ಮುಂದಕ್ಕೆ ಬಂದು ಚೆಂಡಿಗೆ ತಾಗಿಬಿಡುತ್ತದೆ. ಚೆಂಡು ನೆಟ್ಟಿಗೆ ಧಡ್ ಅಂತ ಬಡಿಯುತ್ತದೆ. ನಿಮಗೆ ಚೆನ್ನಾಗಿ ಹೊಡೆದೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಕೆಳಗಿಂದ ಬರೋ ಆ ಠಕ್ ಸದ್ದನ್ನೇ ಒಳ್ಳೇ ಹೊಡೆತದ ಸದ್ದು ಅಂತ ನಂಬಿದ್ದೆ. ಆ ಠಕ್ ಕಲ್ಲಿನದು. ಕಲ್ಲು ತಡೆದುಕೊಂಡ ಪೆಟ್ಟು ಕ್ಲಬ್ಬಿನ ಕೋಲು ಹಿಡಿದು ಮೇಲೆ ಬಂದು ಮಣಿಕಟ್ಟು, ಮೊಣಕೈ ಸೇರುತ್ತದೆ. ಒಂದು ಸಲ ಅಲ್ಲ, ಸಂಜೆಗೆ ನೂರೈವತ್ತು ಸಲ. ತಪ್ಪು ಗೊತ್ತಾಗಲ್ಲ, ತಪ್ಪೇ ರೂಢಿ ಆಗುತ್ತದೆ, ರೂಢಿ ಆದಷ್ಟೂ ಕೈ ಸವೆಯುತ್ತದೆ.

ಜುಲೈ ಕೊನೆಗೆ ಬಲ ಮೊಣಕೈ ಒಳಭಾಗದಲ್ಲಿ ಸಣ್ಣ ನೋವು. ಮುಲಾಮು ಹಚ್ಚಿಕೊಂಡು ಆಡಿದೆ. ಆಗಸ್ಟಿನಲ್ಲಿ ಒಂದಿನ ಊಟಕ್ಕೆ ಕೂತು ಖಡಕ್ ರೊಟ್ಟಿ ಮುರಿಯೋಕೆ ಹೋದೆ. ಆಗಲಿಲ್ಲ. ಮೊಣಕೈ ಒಳಗೆ ಸೂಜಿ ಚುಚ್ಚಿದ ಹಾಗಾಗಿ ರೊಟ್ಟಿ ತಾಟಿಗೆ ಬಿತ್ತು. ಅವ್ವ ನೋಡಿದಳು. "ಯಾಕೋ, ಕೈಗೆ ಏನಾತು?" ಅಂದಳು. ಏನಿಲ್ಲ ಅಂದೆ. ಅವಳೇ ರೊಟ್ಟಿ ಮುರಿದು ತಾಟಿಗೆ ಹಾಕಿದಳು. ನಲವತ್ತರ ಹತ್ತಿರ ಬಂದ ಮಗನಿಗೆ ತಾಯಿ ರೊಟ್ಟಿ ಮುರಿದು ಕೊಡೋದು ನೋಡಿ ಅಪ್ಪ ಒಂದು ಮಾತೂ ಆಡಲಿಲ್ಲ. ಚೌತಿಗೆ ಗಣಪತಿ ತರುವಾಗ ಮಣೆ ಹಿಡಿದದ್ದು ತಮ್ಮ. ನಾನು ಪಕ್ಕದಲ್ಲಿ ಜಾಗಟೆಯನ್ನೂ ಬಾರಿಸದೆ ನಡೆದೆ.

ಕೊನೆಗೆ ಫಿಸಿಯೋಥೆರಪಿ ಮಾಡೋ ಮೇಡಂ ಹತ್ತಿರ ಹೋದೆ. ಮೊಣಕೈ ಒಳಗಿನ ಎಲುಬಿನ ಗಂಟನ್ನು ಹೆಬ್ಬೆರಳಲ್ಲಿ ಒತ್ತಿದರು, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆಟ ಯಾವುದು ಅಂತ ಕೇಳಿದರು, ಹೇಳಿದೆ. "ಎಲ್ಲಿ ಆಡ್ತೀರಿ ಸರ?" "ಮನ್ಯಾಗ, ಶೆಡ್ಡಿನಾಗ." "ಕೆಳಗ ಏನ್ ಹಾಸೀರಿ?" ನೆಟ್ ಯಾವುದು, ಕ್ಲಬ್ ಯಾವುದು, ಏನೂ ಕೇಳಲಿಲ್ಲ ಅವರು. ಕೆಳಗೆ ಏನು ಹಾಸೀರಿ ಅಂತ ಕೇಳಿದರು. ನನಗೆ ಈ ಪ್ರಶ್ನೆಯನ್ನು ಜೂನ್‌ನಲ್ಲಿ ಯಾರಾದರೂ ಕೇಳಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆ ಕಂಡ ಕೂಡಲೇ ಬರೆಯೋಕೆ ಕೂತೆ.

ಆ ನೋವಿಗೆ ಗಾಲ್ಫರ್ಸ್ ಎಲ್ಬೋ ಅಂತಲೇ ಹೆಸರು. ಮುಂಗೈಯ ಸ್ನಾಯುಗಳು ಮೊಣಕೈ ಒಳಗಿನ ಎಲುಬಿಗೆ ಅಂಟಿಕೊಳ್ಳೋ ಕಡೆ ಹುರಿ ಹರಿದ ಹಗ್ಗದ ಹಾಗೆ ಆಗಿರುತ್ತದಂತೆ. ಗುಣ ಆಗೋದು ಬಹಳ ನಿಧಾನ. ನನಗೆ ಎಂಟು ತಿಂಗಳು ಹಿಡೀತು. ಎಂಟು ತಿಂಗಳು ಒಂದೇ ಒಂದು ಚೆಂಡು ಹೊಡೆಯಲಿಲ್ಲ. 16 ಸಾವಿರದ ನೆಟ್ ಸುಮ್ನೆ ನೇತಾಡುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ನೆಟ್, ಯಾವ ಮಷಿನ್ ಅನ್ನೋದು ಎರಡನೇ ಮಾತು. ದುಡ್ಡು ಎಷ್ಟೇ ಇರಲಿ, ಮೊದಲ ಪಾಲು ಚೆಂಡಿನ ಕೆಳಗಿನ ಜಾಗಕ್ಕೆ ಹೋಗಬೇಕು.

ಈಗ ನಾನು ಮಾಡಿಕೊಂಡಿರೋದು ಹೀಗೆ. ಮೊದಲು ಗೌಂಡಿಯನ್ನು ಕರೆಸಿ ರಸಮಟ್ಟ ಇಡಿಸಿದೆ. ಕಾರ್ ಶೆಡ್ಡಿನ ನೆಲ ನೋಡೋಕೆ ಸಪಾಟು ಅನ್ನಿಸಿದರೂ ನೀರು ಹರಿದು ಹೋಗಲಿ ಅಂತ ಗೇಟಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ನಿಮ್ಮದರಲ್ಲೂ ಇರುತ್ತದೆ, ನೋಡಿ. ನಿಲ್ಲೋ ಜಾಗದಷ್ಟಾದರೂ ಸಮ ಆಗಬೇಕು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಇಲ್ಲಾಂದ್ರೆ ಮಳೆಗಾಲದಲ್ಲಿ ಫರಸಿ ಬೆವತು ಮೇಲಿನದೆಲ್ಲ ವಾಸನೆ ಹಿಡಿಯುತ್ತದೆ. ಅದರ ಮೇಲೆ ಆಕಳ ಮ್ಯಾಟು. ಹೌದು, ಕೊಟ್ಟಿಗೆಯಲ್ಲಿ ಆಕಳು ಮಲಗೋಕೆ ಹಾಸೋ ದಪ್ಪ ರಬ್ಬರ್ ಮ್ಯಾಟು. ಹೈನುಗಾರಿಕೆ ಸಾಮಾನು ಮಾರುವವರ ಹತ್ತಿರ ಕೇಳಿ. ಗಾಲ್ಫ್ ಅಂತ ಹೆಸರು ಹಚ್ಚಿ ಮಾರೋ ರಬ್ಬರಿಗಿಂತ ಎಷ್ಟೋ ಅಗ್ಗ, ಗಟ್ಟಿಮುಟ್ಟು. ಎರಡು ಪದರ ಹಾಕಿದೆ. ಹೊಸದರಲ್ಲಿ ರಬ್ಬರ್ ವಾಸನೆ ಇರುತ್ತದೆ, ತೊಳೆದು ಎರಡು ದಿನ ಮಾಳಿಗೆ ಮೇಲೆ ಹಾಕಿದರೆ ಹೋಗುತ್ತದೆ.

ಮುಖ್ಯವಾದದ್ದು ಇನ್ನು ಮುಂದೆ. ಚೆಂಡು ಇಡೋ ಕಡೆ ಆ ರಬ್ಬರಿನಲ್ಲಿ ಒಂದು ಅಡಿ ಅಗಲ, ಎರಡು ಅಡಿ ಉದ್ದ ಕತ್ತರಿಸಿ ತೆಗೆದೆ. ಆ ಕುಳಿಯೊಳಗೆ ಕೆಳಗೆ ಫೋಮ್, ಮಕ್ಕಳು ಆಡೋಕೆ ಜೋಡಿಸಿ ಹಾಸ್ತಾರಲ್ಲ ಆ ಥರದ್ದು. ಮೇಲೆ ಉದ್ದ ಎಳೆಯ, ಒತ್ತಾಗಿ ನೇಯ್ದ ಹುಲ್ಲಿನ ಪಟ್ಟಿ. ಚೆಂಡು ಇಡೋ ಮರದ ಮೊಳೆ, ಅಂದ್ರೆ ಟೀ, ಚುಚ್ಚಿದರೆ ನಿಲ್ಲಬೇಕು, ಅಷ್ಟು ದಪ್ಪ ಇರಲಿ. ಈಗ ಹಿಂದೆ ಹೊಡೆದರೆ ಕ್ಲಬ್ಬು ಒಳಗೆ ಇಳಿಯುತ್ತದೆ, ಚೆಂಡು ಸತ್ತ ಹಾಗೆ ಹೋಗುತ್ತದೆ, ತಪ್ಪು ತಿಳಿಯುತ್ತದೆ, ಕೈಗೆ ಪೆಟ್ಟು ಬರಲ್ಲ. ಪಟ್ಟಿಯ ಮೇಲ್ಮೈ ಮತ್ತು ನೀವು ನಿಂತ ಜಾಗ ಒಂದೇ ಎತ್ತರದಲ್ಲಿರಬೇಕು ಅನ್ನೋದನ್ನ ಮಾತ್ರ ಮರೀಬೇಡಿ. ಬರೀ ಚೆಂಡಿನ ಕೆಳಗೆ ದಪ್ಪ ಮ್ಯಾಟ್ ಇಟ್ಟು ನೀವು ಫರಸಿ ಮೇಲೆ ನಿಂತರೆ ಚೆಂಡು ಕಾಲಿಗಿಂತ ಎರಡು ಇಂಚು ಮೇಲೆ ಇರುತ್ತದೆ. ಅದಕ್ಕೆ ಕಲಿತ ಕೈ ಗ್ರೌಂಡಿಗೆ ಹೋದಾಗ ದಾರಿ ತಪ್ಪುತ್ತದೆ.

ಚೆಂಡಿಗೆ ಸರಿಯಾಗಿ ಹುಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆಯಿರಿ. ಚೆಂಡು ಇಡದೇ ಹತ್ತು ಸಲ ಬೀಸಿ. ಕ್ಲಬ್ಬು ಹುಲ್ಲು ಸವರಿದ ಗುರುತು ಗೆರೆಯ ಮುಂದಿದೆಯಾ ಹಿಂದಿದೆಯಾ ನೋಡಿ. ನಾನು ಈಗಲೂ ದಿನಾ ಇದರಿಂದಲೇ ಶುರು ಮಾಡೋದು. ಇಡೀ ಸಂಜೆಗೆ ನಲವತ್ತು ಚೆಂಡು, ಅದರ ಮೇಲೆ ಇಲ್ಲ.

ನೆಟ್ಟಿನ ಬಗ್ಗೆ ಗೊತ್ತಿರೋದು ಹೇಳಿಬಿಡ್ತೀನಿ. ಕ್ರಿಕೆಟ್ ನೆಟ್ ತರಬೇಡಿ. ಗಾಲ್ಫ್ ಚೆಂಡು 42.67 ಮಿಲಿಮೀಟರ್, ಕ್ರಿಕೆಟ್ ನೆಟ್ಟಿನ ಕಣ್ಣು ಎಷ್ಟೋ ಸಲ ಅದಕ್ಕಿಂತ ದೊಡ್ಡದು, ಚೆಂಡು ತೂರಿಕೊಂಡು ಹೋಗುತ್ತದೆ. ಸಣ್ಣ ಕಣ್ಣಿನದೇ ಬೇಕು. ಬಿಗಿಯಾಗಿ ಕಟ್ಟಬೇಡಿ, ಚೆಂಡು ತಿರುಗಿ ನಿಮ್ಮ ಮೇಲೇ ಬರುತ್ತದೆ. ಸಡಿಲ ಬಿಟ್ಟು, ಗೋಡೆಯಿಂದ ಎರಡು ಅಡಿ ಮುಂದೆ, ಕೆಳಗೆ ನೆಲದ ಮೇಲೆ ಒಂದು ಮಡಿಕೆ ಬೀಳೋ ಹಾಗೆ ಇಳಿಬಿಡಿ. ನಾನು ಅದರ ಹಿಂದೆ ಹಳೇ ಕೌದಿ ನೇತು ಹಾಕಿದ್ದೀನಿ. ಅಜ್ಜಿ ಹೊಲಿದದ್ದು, ಅಂಚು ಹರಿದು ಟ್ರಂಕಿನಲ್ಲಿ ಬಿದ್ದಿತ್ತು, ಅವ್ವನೇ ತೆಗೆದುಕೊಟ್ಟಳು. ಏಳೆಂಟು ಪದರ ಬಟ್ಟೆ ಅಲ್ವಾ, ಚೆಂಡು ಅದಕ್ಕೆ ತಾಗಿದರೆ ಸದ್ದಿಲ್ಲದೆ ಕೆಳಗೆ ಬೀಳುತ್ತದೆ, ಪಕ್ಕದ ಮನೆಗೂ ಕೇಳಿಸಲ್ಲ. ನೆಟ್ಟು ಒಳಗೋಡೆಗೇ ಇರಲಿ, ಶಟರ್ ಕಡೆ ಬೇಡ. ಸಾಮಾನ್ಯ ಆಟಗಾರ ಡ್ರೈವರಿನಲ್ಲಿ, ಅಂದ್ರೆ ದೂರ ಹೊಡೆಯೋ ಉದ್ದನೆಯ ಕ್ಲಬ್ಬಿನಲ್ಲಿ, ಹೊಡೆದರೂ ಚೆಂಡು ಗಂಟೆಗೆ 200 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತದೆ. ಆ ಕಡೆ ಓಣಿಯಲ್ಲಿ ಮಕ್ಕಳು ಆಡ್ತಿರ್ತಾರೆ. ಬಲಗೈಯವರಾದರೆ ಬಲಗಡೆ ಗೋಡೆಗೂ ನೆಟ್ ಬೇಕೇ ಬೇಕು. ಕ್ಲಬ್ಬಿನ ಕುತ್ತಿಗೆಗೆ, ಅಂದ್ರೆ ಕೋಲು ತಲೆಗೆ ಸೇರೋ ಕಡೆ, ತಾಗಿದ ಚೆಂಡು ಮುಂದೆ ಹೋಗದೆ ಬಲಕ್ಕೆ ಸಿಡಿಯುತ್ತದೆ.

9 ಅಡಿ ಎತ್ತರಕ್ಕೆ ಡ್ರೈವರ್ ಆಸೆ ಬಿಡಿ. ನಾನು 5 ಅಡಿ 7 ಇಂಚು, ಡ್ರೈವರ್ ಉದ್ದ 45 ಇಂಚು, ಮ್ಯಾಟು ನಿಮ್ಮನ್ನು ಇನ್ನೊಂದೂವರೆ ಇಂಚು ಮೇಲೆ ಎತ್ತಿರುತ್ತದೆ. ತಾಗದೇ ಇರಬಹುದು. ಆದರೆ ತಾಗುತ್ತೇನೋ ಅನ್ನೋ ಹೆದರಿಕೆಗೆ ಕೈ ತಾನಾಗೇ ಗಿಡ್ಡ ಆಗುತ್ತದೆ, ಆ ಗಿಡ್ಡ ಬೀಸೇ ಗಟ್ಟಿ ಆಗುತ್ತದೆ. ಐರನ್ ಸಾಕು. ಸ್ಲ್ಯಾಬಿಗೆ ಟೇಪು ಹಿಡಿದು ಸುಮ್ಮನಾಗಬೇಡಿ, ಬೀಮ್, ಶಟರ್ ಸುರುಳಿಯ ಪೆಟ್ಟಿಗೆ, ಟ್ಯೂಬ್‌ಲೈಟ್ ಎಲ್ಲಿವೆ ನೋಡಿ. ಕ್ಲಬ್ ಹಿಡಿದು ನಿಧಾನ ಬೀಸುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ.

ಮಷಿನ್ ಈಗ ಬೇಡ. ರಾಡಾರ್ ಮಾದರಿಯದಕ್ಕೆ ಚೆಂಡಿನ ಹಿಂದೆ 6-7 ಅಡಿ, ಮುಂದೆ ಚೆಂಡು ಹಾರೋಕೆ 8 ಅಡಿಯಾದರೂ ಬೇಕು. ನಿಮ್ಮ 18ರಲ್ಲಿ ನೆಟ್ಟಿನ ಹಿಂದಿನ 2 ಅಡಿ ಕಳೆದರೆ ಉಳಿಯೋದು 16, ಎಲ್ಲ ಅಂಚಿಗೆ ಬಂದು ನಿಲ್ಲುತ್ತದೆ. ಕ್ಯಾಮೆರಾ ಮಾದರಿಯದನ್ನು ಚೆಂಡಿನ ಪಕ್ಕದಲ್ಲೇ ಇಡಬಹುದು, ಜಾಗ ಕಡಿಮೆ ಸಾಕು, ದುಡ್ಡು ಜಾಸ್ತಿ. ಒಂದು ವರ್ಷ ಆಡಿ, ಆಮೇಲೂ ಬೇಕು ಅನ್ನಿಸಿದರೆ ಅದನ್ನೇ ತಗೊಳ್ಳಿ. ಅಲ್ಲಿವರೆಗೆ ಮೊಬೈಲಿನ ಸ್ಲೋ ಮೋಷನ್ ಸಾಕು.

ಮಗಳ ವಿಷಯ. ಖಂಡಿತ ಕಲಿಸಿ, ಆದರೆ ನೆಟ್ಟಿನ ಮುಂದೆ ನಿಲ್ಲಿಸಬೇಡಿ, ಪಟರ್ ಕೊಡಿ, ಅಂದ್ರೆ ಚೆಂಡನ್ನು ನೆಲದ ಮೇಲೆ ಹೋಲಿಗೆ (ಗುಳಿಗೆ) ಉರುಳಿಸೋ ಕ್ಲಬ್ಬು. ಇದು ನಿಮಗೂ ಸೇರಿ ಹೇಳೋ ಮಾತು. ಪಾರ್ 72ರ ಆಟದಲ್ಲಿ, ಅಂದ್ರೆ 72 ಹೊಡೆತಕ್ಕೆ ಮುಗಿಸಬೇಕು ಅಂತ ಇಟ್ಟ ಆಟದಲ್ಲಿ, ಒಂದೊಂದು ಹೋಲಿಗೆ ಎರಡು ಪಟ್ (ಪಟರಿನ ಹೊಡೆತ) ಅಂತ ಹಿಡಿದೇ ಲೆಕ್ಕ ಹಾಕಿರೋದು. ಹದಿನೆಂಟು ಹೋಲಿಗೆ 36, ಅಂದ್ರೆ ಅರ್ಧ ಆಟ. ಅದಕ್ಕೆ ನೆಟ್ ಬೇಡ, ಎತ್ತರ ಬೇಡ, ಮೊಣಕೈ ಹೋಗಲ್ಲ. ನಮ್ಮ ಅದಿತಿ ಅಶೋಕ್ ಬೆಂಗಳೂರಿನಲ್ಲಿ ಐದನೇ ವಯಸ್ಸಿಗೆ ಶುರು ಮಾಡಿದ ಹುಡುಗಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ ಬಂದಳು, ಒಂದೇ ಹೊಡೆತದಲ್ಲಿ ಪದಕ ಕೈ ತಪ್ಪಿತು. ದೂರ ಹೊಡೆಯೋದರಲ್ಲಿ ಉಳಿದವರಿಗಿಂತ ಹಿಂದೆ ಇದ್ದಳು. ಅಲ್ಲಿವರೆಗೆ ತಂದದ್ದು ಅವಳ ಪಟಿಂಗ್. ಆ ಕೊನೆ ದಿನ ಬೆಳಗಿನ ಜಾವ ಎದ್ದು ಅಪ್ಪನ ಜೊತೆ ಟಿವಿ ಮುಂದೆ ಕೂತಿದ್ದೆ. ಗಾಲ್ಫಿನ ಗಂಧ ಗಾಳಿ ಇಲ್ಲದ ಅಪ್ಪ, ಅವಳು ಪಟ್ ಮಾಡುವಾಗೆಲ್ಲ ಉಸಿರು ಬಿಗಿ ಹಿಡಿದು ಕೂತಿದ್ದರು.

ಒತ್ತಾದ, ಗಿಡ್ಡ ಎಳೆಯ ಕಾರ್ಪೆಟ್ ಹತ್ತು ಅಡಿ ಹಾಸಿ. ತುದಿಯಲ್ಲಿ ಸೀಮೆಸುಣ್ಣದಲ್ಲಿ 108 ಮಿಲಿಮೀಟರ್ ಅಡ್ಡಳತೆಯ ವೃತ್ತ ಬರೆಯಿರಿ, ನಿಜವಾದ ಹೋಲಿನ ಅಳತೆ ಅದೇ. ಹಳೇ ಸಿ.ಡಿ. ಇದ್ದರೆ ಅದರ ಅಂಚಿಗಿಂತ ಚೂರು ಒಳಗೆ. ಮೊದಲು ಮೂರು ಅಡಿಯಿಂದ ಹತ್ತಕ್ಕೆ ಹತ್ತು ಹೋಗಲಿ, ಆಮೇಲೆ ಐದು ಅಡಿ. ಶೆಡ್ಡಿನ ಇಳಿಜಾರು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಕಾರ್ಪೆಟ್ ಅಡ್ಡ ಹಾಸಿದರೆ ಚೆಂಡು ಗೇಟಿನ ಕಡೆ ಬಾಗೋದನ್ನು ಮಗಳು ಕಣ್ಣಾರೆ ನೋಡಿ ಕಲೀತಾಳೆ.

ಮೊಣಕೈ ಒಳಗೆ ಈಗಾಗಲೇ ನೋವಿದೆ ಅಂತಾದರೆ ಇದ್ಯಾವುದನ್ನೂ ಈ ವಾರ ಶುರು ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ವಿದ್ಯಾನಗರದ ಕಡೆ ಬಂದರೆ ಇಲ್ಲೇ ಒಂದು ಸಾಲು ಬರೆಯಿರಿ, ನನ್ನ ಮ್ಯಾಟಿನ ಮೇಲೆ ಹತ್ತು ಚೆಂಡು ಹೊಡೆದು ನೋಡಿ. ಆ 2,200 ರೂಪಾಯಿಯ ಮ್ಯಾಟನ್ನೂ ಎಸೆದಿಲ್ಲ, ಮೂಲೆಯಲ್ಲಿ ಸುತ್ತಿಟ್ಟಿದ್ದೀನಿ. ಅದನ್ನೂ ಬಿಚ್ಚಿ ಫರಸಿ ಮೇಲೆ ಹಾಸಿ ಕೊಡ್ತೀನಿ. ಅದರ ಮೇಲೆ ಹೊಡೆಯೋದು ಬೇಡ, ಕ್ಲಬ್ಬಿನ ತಲೆ ಹಿಡಿದು ಮೆಲ್ಲಗೆ ಕುಟ್ಟಿ ಸದ್ದು ಕೇಳಿ.