ಶಾಲೆಯ ಓದು ಕಲಿಸೋ ಯೋಜನೆ ಫಲ ಕೊಟ್ಟಿದೆಯಾ ಅಂತ ನೋಡೋಕೆ ಆರ್‌ಸಿಟಿ ಬೇಕಾ, ಬೇಸ್‌ಲೈನ್-ಎಂಡ್‌ಲೈನ್ ಸಾಕಾ?

ಜಗಳೂರು ತಾಲ್ಲೂಕಿನ 20 ಶಾಲೆ, ಯೋಜನೆ ಶುರುವಾಗಿ ಮೂರು ತಿಂಗಳು, ಜನವರಿಯಲ್ಲಿ ಎಂಡ್‌ಲೈನ್ ಅಂತ ಬರೆದಿದ್ದೀರಿ. ಶುರುವಿನಲ್ಲೊಮ್ಮೆ (ಬೇಸ್‌ಲೈನ್), ಕೊನೆಯಲ್ಲೊಮ್ಮೆ (ಎಂಡ್‌ಲೈನ್) ಮಕ್ಕಳ ಓದು ನೋಡಿದರೆ ಸಾಕಾ, ಇಲ್ಲ ಚೀಟಿ ಎತ್ತಿ ಕೆಲವು ಶಾಲೆಗೆ ಮಾತ್ರ ಯೋಜನೆ ಕೊಟ್ಟು ಉಳಿದವನ್ನು ಹೋಲಿಕೆಗೆ ಇಟ್ಟುಕೊಳ್ಳೋ ಆರ್‌ಸಿಟಿ ಬೇಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಗಾಯ ಕೆರೆದ ಹಾಗಾಯ್ತು. ಇದೇ ಕೆಲಸ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಾಡಿ ಕೈ ಸುಟ್ಟುಕೊಂಡವನು ನಾನು.

ನಮ್ಮದು ಸಣ್ಣ ಸಂಸ್ಥೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಊರಿನ ಹುಡುಗಿಯರು ದಿನಾ ಒಂದು ಗಂಟೆ ಶಾಲೆಗೆ ಹೋಗಿ ಮೂರರಿಂದ ಐದನೇ ತರಗತಿ ಮಕ್ಕಳಿಗೆ ಓದಿಸೋರು. ಜುಲೈನಲ್ಲಿ 412 ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಿದೆವು: ಅಕ್ಷರ, ಪದ, ನಾಲ್ಕು ಸಾಲು, ಪುಟ್ಟ ಕಥೆ. ಕಥೆ ಓದಿದವರು ನೂರಕ್ಕೆ 22. ಜನವರಿಯಲ್ಲಿ ಮತ್ತೆ ಹೋದರೆ ನೂರಕ್ಕೆ 38! ಬಣ್ಣಬಣ್ಣದ ಗ್ರಾಫ್ ಹಾಕಿ ವರದಿ ಕಳಿಸಿದೆ.

ದುಡ್ಡು ಕೊಟ್ಟವರ ಮೀಟಿಂಗ್‌ನಲ್ಲಿ ಒಬ್ಬ ಮೇಡಂ ಗ್ರಾಫ್ ನೋಡಲೇ ಇಲ್ಲ. ಕೊನೇ ಪುಟದ ಕೋಷ್ಟಕದ ಮೇಲೆ ಪೆನ್ ಇಟ್ಟು, 'ಜುಲೈನಲ್ಲಿ 412, ಇಲ್ಲಿ 297. ಉಳಿದ 115 ಮಕ್ಕಳು ಎಲ್ರೀ?' ಅಂದರು.

ಎಲ್ಲಿದ್ದರು ಅಂತ ನನಗೆ ಗೊತ್ತಿತ್ತು. ಹೊಟ್ಟೆ ಉರಿಯೋದು ಅದಕ್ಕೇ. ಒಂದು ಹಟ್ಟಿಯ ಶಾಲೆಯಲ್ಲಿ ಹಾಜರಿ ಪುಸ್ತಕ ತೆರೆದಿದ್ದೆ. ಡಿಸೆಂಬರ್‌ನಿಂದ ಒಂಬತ್ತು ಹೆಸರುಗಳ ಮುಂದೆ ಕೆಂಪು ಇಂಕಿನಲ್ಲಿ ಸಾಲಾಗಿ ಗೈ, ಗೈ, ಗೈ. ಹೆಡ್‌ಮಾಸ್ತರು 'ಅಪ್ಪ ಅಮ್ಮನ ಜೊತೆ ಕಾಫಿ ತೋಟಕ್ಕೆ ಹೋಗ್ಯಾರೆ ಸಾರ್, ಯುಗಾದಿಗೆ ಬರ್ತಾರೆ' ಅಂದರು. ನಾನು ಹೂಂ ಅಂದು, ಇದ್ದ ಮಕ್ಕಳನ್ನು ಓದಿಸಿ, ಟೀ ಕುಡಿದು ಬಂದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತರಗತಿಯಲ್ಲಿ 10 ಮಕ್ಕಳು, ಓದೋರು 3 ಅನ್ಕೊಳ್ಳಿ. ಶೇ. 30. ಓದಲು ಬಾರದ 4 ಮಕ್ಕಳು ಗುಳೆ ಹೋದರು. ಉಳಿದ 6ರಲ್ಲಿ ಅದೇ 3 ಜನ ಓದ್ತಾರೆ. ಶೇ. 50 ಆಯ್ತಲ್ವಾ? ಯಾರೂ ಹೊಸದಾಗಿ ಒಂದಕ್ಷರ ಕಲಿತಿಲ್ಲ. ಗುಳೆ ಹೋಗೋ ಮನೆಯ ಮಕ್ಕಳಿಗೆ ವರ್ಷಾ ವರ್ಷ ಪಾಠ ತಪ್ಪುತ್ತೆ, ಓದಿನಲ್ಲಿ ಹಿಂದೆ ಬೀಳೋರೂ ಅವರೇ. ಅವರು ಪಟ್ಟಿಯಿಂದ ಉದುರಿದಷ್ಟೂ ಸರಾಸರಿ ತಾನಾಗೇ ಏರುತ್ತೆ. ನಮ್ಮ ಪಾಠಕ್ಕೆ ಕೊಟ್ಟ ಹೊಗಳಿಕೆಯಲ್ಲಿ ಅರ್ಧ ಚಿಕ್ಕಮಗಳೂರಿನ ಕಾಫಿ ಕೊಯ್ಲಿಗೆ ಸೇರಬೇಕಿತ್ತು. ನಿಜವಾಗಿಯೂ ಅರ್ಧ: ಎರಡೂ ಸಲ ಸಿಕ್ಕ 297 ಮಕ್ಕಳನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಅವರಲ್ಲಿ ಕಥೆ ಓದೋರು ಜುಲೈನಲ್ಲೇ ನೂರಕ್ಕೆ 30 ಇದ್ದರು. 22ರಿಂದ 38ಕ್ಕೆ ಏರಿದ 16ರಲ್ಲಿ 8 ಹಾಗೇ ಹೋಯ್ತು.

ಆ ಉಳಿದ ಏರಿಕೆಯಾದರೂ ನಮ್ಮಿಂದಲೇ ಆಗಿದ್ದಾ, ಸುಮ್ನೆ ಶಾಲೆಗೆ ಹೋಗಿದ್ದಕ್ಕಾ? ಹೇಳೋಕೆ ಯೋಜನೆ ಇಲ್ಲದ ಒಂದು ಶಾಲೆಯನ್ನೂ ನೋಡಿರಲಿಲ್ಲ. ಎರಡನೇ ವರ್ಷದ ದುಡ್ಡು ನಿಂತಿತು. ಆ ಹುಡುಗಿಯರು ಚೆನ್ನಾಗಿಯೇ ಓದಿಸ್ತಿದ್ದರು.

ಈಗ ನಿಮ್ಮ ಆರ್‌ಸಿಟಿ. ಬಿಟ್ಟುಬಿಡಿ. ಯಾವ ಶಾಲೆಗೆ ಯೋಜನೆ ಅಂತ ಮೊದಲೇ ಚೀಟಿ ಎತ್ತಬೇಕಿತ್ತು, ನೀವು ಶಾಲೆ ಆರಿಸಿ ಪಾಠವನ್ನೂ ಶುರು ಮಾಡಿದ್ದೀರಿ. ಮುಂದಿನ ವರ್ಷ ಹೊಸ ಶಾಲೆ ಸೇರಿಸೋದಿದ್ದರೆ ಆಗ ಎತ್ತಿ, ಚೀಟಿ ಬರದ ಶಾಲೆಗಳು ಹೋಲಿಕೆಗೆ ಸಿಗ್ತವೆ. ಈ ವರ್ಷಕ್ಕೆ ಪಕ್ಕದ ಕ್ಲಸ್ಟರ್‌ನಿಂದ (ಶಾಲೆಗಳ ಗುಂಪು) ಅದೇ ಥರದ ಹಟ್ಟಿ, ತಾಂಡಾ ಶಾಲೆಗಳನ್ನು ಈಗಲೇ ಹಿಡೀರಿ. ಕ್ಲಸ್ಟರ್ ನೋಡಿಕೊಳ್ಳೋ ಸಿಆರ್‌ಪಿಗಳನ್ನು ಕೇಳಿ, ಅವರಿಗೆ ಎಲ್ಲ ಶಾಲೆಯ ಜಾತಕ ಗೊತ್ತಿರುತ್ತೆ. ಅವನ್ನು ನೋಡೋ ವಾರವೇ ನಿಮ್ಮ 20 ಶಾಲೆಗಳನ್ನೂ ಮತ್ತೊಮ್ಮೆ ನೋಡಿ. ಮಕ್ಕಳನ್ನು ಸ್ಯಾಟ್ಸ್ ನಂಬರ್‌ನಿಂದ (ಸರ್ಕಾರಿ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರೋ ನಂಬರ್) ಗುರುತಿಸಿ. ಹೆಸರು ನಂಬಿದರೆ ಕೆಟ್ಟಿರಿ, ನಮ್ಮ ಕಡೆ ಒಂದೇ ತರಗತಿಯಲ್ಲಿ ಮೂರು ತಿಪ್ಪೇಸ್ವಾಮಿ.

ಸರಾಸರಿ ಒಂದನ್ನೇ ಬರೆದು ವರದಿ ಮುಗಿಸಬೇಡಿ. ಕೆನ್ಯಾದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿದಾಗ ಏನಾಯ್ತು ಅಂತ ಮೈಕೆಲ್ ಕ್ರೆಮರ್ ಮತ್ತು ಜೊತೆಯವರು ನೋಡಿದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ಸರಾಸರಿ ಅಂಕ ಏರಲೇ ಇಲ್ಲ, ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಲಾಭ ಆಯ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ನೀವೂ ಶುರುವಿನಲ್ಲಿ ಅಕ್ಷರವೇ ಬಾರದಿದ್ದ ಮಕ್ಕಳು ಎಲ್ಲಿಗೆ ಬಂದರು ಅಂತ ಬೇರೆ ತೋರಿಸಿ.

ಜನವರಿ ಎಂಡ್‌ಲೈನ್ ಮಾತ್ರ ಖಂಡಿತ ಬೇಡ. ಯುಗಾದಿ ಆದ ವಾರಕ್ಕೆ ಹಾಕಿ, ಶಾಲೆ ಬದಲು ಮನೆಗೇ ಹೋಗಿ. ದೇಶದ ಹಳ್ಳಿ ಮಕ್ಕಳ ಓದು, ಲೆಕ್ಕ ನೋಡೋ ಅಸರ್ ಸಮೀಕ್ಷೆಯವರು 2005ರಿಂದ ಮನೆಮನೆಗೆ ಹೋಗೋದು ಸುಮ್ನೆ ಅಲ್ಲ. ಬೇಸಿಗೆ ರಜೆ ಸಿಕ್ಕಿದರೆ ಅರ್ಧ ಮಕ್ಕಳು ಅಜ್ಜಿ ಮನೆಗೆ ಓಡ್ತಾರೆ, ಅಷ್ಟರೊಳಗೆ ಮುಗಿಸಿ. ಬೆಳಗ್ಗೆ ಏಳಕ್ಕೆ ಹಟ್ಟಿಯಲ್ಲಿರಿ. ಎಂಟಾದ ಮೇಲೆ ಒಬ್ಬರೂ ಕೈಗೆ ಸಿಗಲ್ಲ.