ಓಟಿಯಿಂದ ಬಾಯಿ ಕ್ಯಾನ್ಸರ್ ಟಿಶ್ಯೂ ತರುವ ಕೆಲಸದಲ್ಲಿ ಕಲಿಯುವುದೇನಿದೆ?

ಎಂಎಸ್ಸಿ ಮುಗಿಸಿ, ತಲೆ–ಕುತ್ತಿಗೆ ಕ್ಯಾನ್ಸರಿನ ಗಡ್ಡೆಗಳ ಮೇಲೆ ಸಂಶೋಧನೆ ನಡೆಸುವ ತಂಡಕ್ಕೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರುತ್ತಿದ್ದೀರಿ. ಆಪರೇಷನ್ ಥಿಯೇಟರ್‌ನಿಂದ ಟಿಶ್ಯೂ ತರುವ ಜವಾಬ್ದಾರಿ ನಿಮ್ಮದಂತೆ. "ಬರೀ ಡಬ್ಬಿ ಹೊತ್ತು ತರೋದಾ? ಇದರಲ್ಲಿ ಕಲಿಯೋದೇನಿದೆ?" ಎಂದು ಕೇಳಿದ್ದೀರಿ.

ನನ್ನ ಪ್ರಕಾರ ಆ ತಂಡದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಕೆಟ್ಟರೆ ಮತ್ತೆ ಮಾಡಬಹುದು, ಲೆಕ್ಕ ತಪ್ಪಿದರೆ ತಿದ್ದಬಹುದು. ಗಡ್ಡೆ ಮಾತ್ರ ಒಂದೇ ಸಲ ಹೊರಗೆ ಬರುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಹಾಳಾದದ್ದನ್ನು ಆಮೇಲೆ ಯಾವ ಯಂತ್ರವೂ ಸರಿಮಾಡುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಹಾಳಾಗಿದೆ ಎಂದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಕೆಲಸ ಶುರುವಾಗುವುದು ಆಪರೇಷನ್ನಿನ ಹಿಂದಿನ ದಿನ, ವಾರ್ಡಿನಲ್ಲಿ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಸಂಶೋಧನಾ ನೈತಿಕತೆಯ ಮಾರ್ಗಸೂಚಿಯನ್ನು ಸೇರುವ ಮೊದಲೇ ಒಮ್ಮೆ ಓದಿಕೊಳ್ಳಿ. ಮಂಪರು ಬರಿಸುವ ಔಷಧಿ ಕೊಟ್ಟಾದ ಮೇಲೆ ಓಟಿ ಬಾಗಿಲಲ್ಲಿ ಸಹಿ ಕೇಳುವುದು ಒಪ್ಪಿಗೆಯೇ ಅಲ್ಲ. "ಸಂಶೋಧನೆಗೆ ಅಂತ ಜಾಸ್ತಿ ಕತ್ತರಿಸ್ತಾರಾ?" ಎಂಬುದು ಮನೆಯವರ ಮೊದಲ ಭಯ. ಹೇಗೂ ತೆಗೆಯಲೇಬೇಕಾದ ಗಡ್ಡೆಯಲ್ಲಿ, ಪೆಥಾಲಜಿಗೆ (ರೋಗ ಪರೀಕ್ಷಿಸುವ ವಿಭಾಗಕ್ಕೆ) ಬೇಕಾದದ್ದು ಹೋಗಿ ಮಿಕ್ಕಿದ ಚೂರು ಮಾತ್ರ ನಮಗೆ ಸಾಕು, ಬೇಡವೆಂದರೂ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ ಎಂದು ಕೂತು ಹೇಳಿ.

ಅದೇ ಹೊತ್ತಿಗೆ ಚಟದ ವಿವರವನ್ನೂ ಬರೆದುಕೊಳ್ಳಿ. "ತಂಬಾಕು ಹಾಕ್ತೀರಾ?" ಎಂದು ಕೇಳಿದರೆ ಇಲ್ಲ ಎನ್ನುವವರು ಬಹಳ. ಕಡ್ಡಿಪುಡಿ, ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆ, ಬೀಡಿ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಬೇಕು. ಮಲೆನಾಡು, ಕರಾವಳಿ ಕಡೆಯವರಾದರೆ ಕವಳ ಎಂದೇ ಕೇಳಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಬಿಡಬೇಡಿ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಹೇಳಿದೆ. ಎಷ್ಟು ವರ್ಷ, ದಿನಕ್ಕೆಷ್ಟು ಸಲ, ಯಾವ ಕೆನ್ನೆಗೆ ಒತ್ತಿಟ್ಟುಕೊಳ್ಳುತ್ತಿದ್ದರು, ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಕೀಮೋ ಅಥವಾ ರೇಡಿಯೇಶನ್ ಆಗಿದೆಯೇ: ಈ ಸಾಲುಗಳು ಖಾಲಿ ಬಿದ್ದರೆ ಮುಂದೆ ಜೀನ್‌ಗಳಲ್ಲಿ ಸಿಗುವ ಬದಲಾವಣೆಗಳನ್ನು, ಅಂದರೆ ಮ್ಯುಟೇಶನ್‌ಗಳನ್ನು ಅವುಗಳ ಕಾರಣದ ಜೊತೆ ಜೋಡಿಸಲು ಆಗುವುದಿಲ್ಲ.

ಓಟಿಯಲ್ಲಿ ಎರಡು ಸಮಯ ಗುರುತು ಹಾಕಿಕೊಳ್ಳಿ: ಗಡ್ಡೆ ದೇಹದಿಂದ ಬೇರೆಯಾದ ನಿಮಿಷ, ಹೆಪ್ಪುಗಟ್ಟಿಸುವ ದ್ರವ ನೈಟ್ರೋಜನ್‌ಗೆ ಬಿದ್ದ ನಿಮಿಷ. ಅಂತರ 20ರಿಂದ 30 ನಿಮಿಷದೊಳಗಿರಲಿ. ರಕ್ತ ನಿಂತ ಕೂಡಲೇ ಕೋಶಗಳು ಸುಮ್ಮನಿರುವುದಿಲ್ಲ. ಆಮ್ಲಜನಕದ ಕೊರತೆಗೆ ಸ್ಪಂದಿಸುವ ಜೀನ್‌ಗಳು ಏಳುತ್ತವೆ, ಎಫ್‌ಒಎಸ್, ಜೆಯುಎನ್‌ನಂಥವು ನಿಮಿಷಗಳಲ್ಲೇ ಏರುತ್ತವೆ. ತಡವಾಗಿ ಬಂದ ಚೂರಿನಲ್ಲಿ ಕಾಣುವುದು ಗಡ್ಡೆಯ ಸ್ವಭಾವವೋ, ಟ್ರೇಯಲ್ಲಿ ಕಾದದ್ದರ ಪರಿಣಾಮವೋ ಹೇಳಲಾಗದು. ಅಂತರ ಒಂದು ಗಂಟೆಯಾಗಿದ್ದರೆ ಒಂದು ಗಂಟೆ ಎಂದೇ ಬರೆಯಿರಿ. ಅಂದಾಜಿನ 30 ನಿಮಿಷಕ್ಕಿಂತ ನಿಜವಾದ 60 ನಿಮಿಷ ಎಷ್ಟೋ ಉಪಯುಕ್ತ.

ಚೂರು ಕತ್ತರಿಸುವ ಕೈ ಪೆಥಾಲಜಿಸ್ಟ್‌ರದ್ದು ಅಥವಾ ಅವರು ಹೇಳಿಕೊಟ್ಟವರದ್ದು ಮಾತ್ರ. ಕೊಯ್ದ ಅಂಚನ್ನು, ಅಂದರೆ ಮಾರ್ಜಿನ್ ಅನ್ನು, ಮುಟ್ಟಲೇಬಾರದು. ಗಡ್ಡೆ ಅತಿ ಆಳಕ್ಕಿಳಿದ ಜಾಗವೂ ಬೇಡ, 5 ಮಿ.ಮೀ., 10 ಮಿ.ಮೀ. ಆಳದ ಗಡಿಗಳ ಮೇಲೆ ರೋಗದ ಹಂತ ನಿಂತಿರುತ್ತದೆ. ನಮ್ಮ ಚೂರಿಗಾಗಿ ರೋಗಿಯ ರಿಪೋರ್ಟ್ ತಪ್ಪಾಗುವುದಾದರೆ ಆ ದಿನ ಬರಿಗೈಯಲ್ಲಿ ವಾಪಸು ಬನ್ನಿ. ಮೇಲ್ಮೈಯ ಬಿಳಿ ಪದರದಲ್ಲಿ ಕೆರಟಿನ್ ಮತ್ತು ಬಾಯಿಯ ಬ್ಯಾಕ್ಟೀರಿಯಾ ತುಂಬಿರುತ್ತವೆ, ನಡುಭಾಗ ಹೆಚ್ಚಾಗಿ ಸತ್ತ ಟಿಶ್ಯೂ, ರಕ್ತ ನಿಲ್ಲಿಸಲು ಸುಡುವ ಕಾಟರಿ ತಾಗಿ ಕಪ್ಪಾದ ಕಡೆ, ಜೀನ್‌ಗಳ ಚಟುವಟಿಕೆ ತೋರಿಸುವ ಆರ್‌ಎನ್‌ಎ ಮುರಿದಿರುತ್ತದೆ. ಬೇಕಾದದ್ದು ಗಟ್ಟಿಯಾದ, ಬೂದುಬಿಳಿ, ಜೀವಂತ ಭಾಗ. ಅದು ಹೊರ ಅಂಚಿನದೋ ಒಳಗಿನದೋ ಎಂಬುದನ್ನೂ ಬರೆಯಿರಿ. 18 ರೋಗಿಗಳ ಸುಮಾರು 6,000 ಕೋಶಗಳನ್ನು ಒಂದೊಂದಾಗಿ ನೋಡಿದ 2017ರ ಅಧ್ಯಯನವೊಂದರಲ್ಲಿ, ಅರ್ಧ ರೂಪ ಬದಲಿಸಿಕೊಂಡು ನುಗ್ಗುವ ಕೋಶಗಳು ಕಂಡದ್ದು ಗಡ್ಡೆಯ ಮುಂಚೂಣಿಯಲ್ಲಿ. ಎಲ್ಲಿಂದ ತೆಗೆದದ್ದೆಂದು ತಿಳಿಯದಿದ್ದರೆ ಇಂಥದ್ದು ಕೈಗೆ ಸಿಗುವುದಿಲ್ಲ.

ಇನ್ನು ಹಂಚಿಕೆ. ಒಂದು ಚೂರು, ಕೊಳೆಯದಂತೆ ಕಾಪಾಡುವ 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ. ದ್ರವ ಟಿಶ್ಯೂವಿನ ಹತ್ತು ಪಟ್ಟಾದರೂ ಇರಲಿ. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಒಳಗಿಳಿಯುತ್ತದೆ, ಹಾಗಾಗಿ ದಪ್ಪ ಚೂರಿನ ಹೊಟ್ಟೆ ಕೊಳೆಯುತ್ತದೆ. ಶನಿವಾರ ಹಾಕಿ ಬುಧವಾರ ತೆಗೆದರೆ ಡಿಎನ್‌ಎ ತುಂಡಾಗಿರುತ್ತದೆ, ಡಿಎನ್‌ಎಯ ಸಿ ಅಕ್ಷರವಾದ ಸೈಟೊಸೀನ್ ಕೆಟ್ಟು, ಗಡ್ಡೆಯಲ್ಲಿ ಇಲ್ಲದ, ಸಿ ಜಾಗದಲ್ಲಿ ಟಿ ಓದುವ ಸಿ–ಟಿ ಮ್ಯುಟೇಶನ್‌ಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಚೂರು ಅತಿ ಶೀತ ತಾಳುವ ಪುಟ್ಟ ಟ್ಯೂಬಾದ ಕ್ರಯೋವೈಯಲ್‌ನಲ್ಲಿ ನೇರ ದ್ರವ ನೈಟ್ರೋಜನ್‌ಗೆ, −196 ಡಿಗ್ರಿಗೆ. ಸ್ಲೈಸ್ ಕೊಯ್ದು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಚೂರನ್ನು ಮಾತ್ರ ಹಾಗೆಯೇ ನೈಟ್ರೋಜನ್‌ನಲ್ಲಿ ಮುಳುಗಿಸಬೇಡಿ. ಸುತ್ತ ಅನಿಲದ ಪದರ ಕಟ್ಟಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಮಂಜಿನ ಹರಳುಗಳು ಟಿಶ್ಯೂವನ್ನು ಜರಡಿ ಮಾಡುತ್ತವೆ. ಅದನ್ನು ಒಸಿಟಿ ಜೆಲ್‌ನಲ್ಲಿ ಕೂರಿಸಿ, ನೈಟ್ರೋಜನ್‌ನಿಂದ ತಣಿಸಿದ ಐಸೊಪೆಂಟೇನ್‌ಗೆ ಇಳಿಸಬೇಕು. ಆರ್‌ಎನ್‌ಎ ಕೆಡದಂತೆ ಕಾಪಾಡುವ ಆರ್‌ಎನ್‌ಎಲೇಟರ್ ದ್ರವಕ್ಕೆ ಹಾಕುವ ಚೂರು ಒಂದು ಬದಿಯಲ್ಲಾದರೂ 5 ಮಿ.ಮೀ.ಗಿಂತ ತೆಳ್ಳಗಿರಲಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆದ ಮೇಲೆ ದ್ರವ ತೆಗೆದು −80ಕ್ಕೆ. ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕೋಶ ಬೆಳೆಸಲು, ಬೇಕಾದದ್ದು ಆ್ಯಂಟಿಬಯೋಟಿಕ್ ಮತ್ತು ಶಿಲೀಂಧ್ರನಾಶಕ ಬೆರೆಸಿದ ತಣ್ಣನೆಯ ಮೀಡಿಯಂನಲ್ಲಿ, ಐಸ್ ಮೇಲೆ. ಫಾರ್ಮಲಿನ್ ಮುಟ್ಟಿದ ಚಿಮಟ ಇದಕ್ಕೆ ತಾಗಿದರೆ ಮುಗಿಯಿತು, ಕೋಶ ಬೆಳೆಯದು. ಆದ್ದರಿಂದ ಕಲ್ಚರ್ ಚೂರು ಮೊದಲು, ಫಾರ್ಮಲಿನ್ ಕೊನೆಗೆ.

ಜೊತೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ರಕ್ತ ಬೇಕೇ ಬೇಕು. ಹುಟ್ಟಿನಿಂದ ಬಂದ ವ್ಯತ್ಯಾಸ ಯಾವುದು, ಗಡ್ಡೆಯದ್ದು ಯಾವುದು ಎಂದು ಬೇರ್ಪಡಿಸುವುದು ಅದರಿಂದಲೇ. ಗಡ್ಡೆಯ ಪಕ್ಕದ ಚೆನ್ನಾಗಿ ಕಾಣುವ ಕೆನ್ನೆಯ ಪದರವನ್ನು "ನಾರ್ಮಲ್" ಎಂದು ನಂಬಬೇಡಿ. ವರ್ಷಗಟ್ಟಲೆ ಹೊಗೆಸೊಪ್ಪು ಕಂಡ ಬಾಯಲ್ಲಿ ಅದೂ ಅರ್ಧ ದಾರಿ ಸವೆಸಿರುತ್ತದೆ. ಬಾಯಿಯ ಇಡೀ ಹೊಲವೇ ಕೆಟ್ಟಿರುತ್ತದೆಂದು ಸ್ಲಾಟರ್ ಮತ್ತು ಸಂಗಡಿಗರು 1953ರಲ್ಲೇ ತೋರಿಸಿದ್ದರು.

ಲೇಬಲ್‌ನಲ್ಲಿ ಹೆಸರು, ಆಸ್ಪತ್ರೆ ನಂಬರ್ ಬೇಡ, ಕೋಡ್ ಮಾತ್ರ. ಮಾರ್ಕರ್ ಪೆನ್ನಿನ ಶಾಯಿ ಆಲ್ಕೋಹಾಲ್, ಝೈಲೀನ್ ತಾಗಿದರೆ ಅಳಿಸಿಹೋಗುತ್ತದೆ. ಸ್ಲೈಡ್ ಮೇಲೆ ಪೆನ್ಸಿಲ್, ಟ್ಯೂಬಿಗೆ ಕ್ರಯೋ ಲೇಬಲ್, ಅದೂ ಹಿಂದಿನ ದಿನವೇ ಅಂಟಿಸಿ ಒಣಗಿದ್ದು. ಎರಡು ಟ್ಯೂಬ್ ಅದಲುಬದಲಾದ ಅನುಮಾನ ಬಂದರೆ ಊಹಿಸಬೇಡಿ, ಹಿರಿಯರಿಗೆ ಹೇಳಿ. ಡಿಎನ್‌ಎ ಗುರುತನ್ನು ರಕ್ತದ ಜೊತೆ ಹೋಲಿಸಿ ಕಂಡುಹಿಡಿಯಬಹುದು. ಮುಚ್ಚಿಟ್ಟ ಅನುಮಾನವೇ ಮುಂದೆ ತಪ್ಪು ಪ್ರಕಟಣೆಯಾಗಿ ಹೊರಬರುವುದು.

ಹೆಪ್ಪುಗಟ್ಟಿಸಿದ ಪ್ರತಿ ಚೂರಿನಿಂದಲೂ ಒಂದು ಸ್ಲೈಡ್ ಮಾಡಿ, ಕ್ಯಾನ್ಸರ್ ಕೋಶ ಎಷ್ಟು ಶೇಕಡಾ ಇದೆ ಎಂದು ಪೆಥಾಲಜಿಸ್ಟ್‌ರಿಂದ ಬರೆಸಿಕೊಳ್ಳಬೇಕು. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ ಟಿಸಿಜಿಎ 60 ಶೇಕಡಾ ಕೇಳುತ್ತಿತ್ತು. ಕೆನ್ನೆ–ಒಸಡಿನ ಗಡ್ಡೆಗಳಲ್ಲಿ ನಾರು, ಉರಿಯೂತದ ಕೋಶಗಳು ಹೆಚ್ಚಿರುವುದರಿಂದ ಇದು ಸುಲಭವಲ್ಲ. ಕ್ಯಾನ್ಸರ್ ಕೋಶ 20 ಶೇಕಡಾ ಇದ್ದು, ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ಮ್ಯುಟೇಶನ್ ಇದೆ ಎಂದುಕೊಳ್ಳಿ. ಸೀಕ್ವೆನ್ಸಿಂಗ್‌ನಲ್ಲಿ ಆ ಜಾಗವನ್ನು 100 ಸಲ ಓದಿದರೆ ಅದು ಕಾಣುವುದು ಸುಮಾರು 10 ಸಲ, 30 ಸಲ ಓದಿದರೆ ಬರೀ 3 ಸಲ. ಆ ಮೂರನ್ನು ಯಂತ್ರದ ತಪ್ಪೆಂದು ಪಕ್ಕಕ್ಕೆ ತಳ್ಳುವುದು ಸಹಜ. ಭಾರತದ ಕೆನ್ನೆ–ಒಸಡಿನ ಕ್ಯಾನ್ಸರಿನ ಜೀನ್ ಪಟ್ಟಿ, ಟಿಪಿ53, ಎಫ್‌ಎಟಿ1, ಕ್ಯಾಸ್ಪೇಸ್8, ಎಚ್‌ಆರ್‌ಎಎಸ್, ನಾಚ್1 ಜೊತೆಗೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2ನಂಥ ಹೊಸವು, 2013ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮ್ ಸಂಶೋಧನಾ ಸಂಸ್ಥೆ ಎನ್‌ಐಬಿಎಂಜಿ ಮತ್ತು ನವಿ ಮುಂಬೈನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್ ತಂಡಗಳಿಂದ ಬಂತು. ಅದರ ಅಡಿಪಾಯವೂ ಇಂಥ ಚೂರುಗಳೇ.

ಕೆಲವು ಕ್ಯಾನ್ಸರ್‌ಗಳಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ವಿಷಯದಲ್ಲಿ ಒಂದೇ ಮಾತು. ಗಂಟಲಿನ ಟಾನ್ಸಿಲ್ ಭಾಗದ ಗಡ್ಡೆಯಲ್ಲಿ 70 ಶೇಕಡಾ ಕೋಶಗಳು ಗಾಢವಾಗಿ ಪಿ16 ಪ್ರೋಟೀನಿನ ಬಣ್ಣ ಹಿಡಿದರೆ ಅದನ್ನು ಎಚ್‌ಪಿವಿಯ ಗುರುತೆಂದು ಒಪ್ಪುತ್ತಾರೆ. ಕೆನ್ನೆ, ನಾಲಿಗೆಯ ಗಡ್ಡೆಗೆ ಅದೇ ನಿಯಮ ಹಚ್ಚಬೇಡಿ. ಅಲ್ಲಿ ವೈರಸ್ಸಿನ ಇ6, ಇ7 ಜೀನ್‌ಗಳ ಆರ್‌ಎನ್‌ಎಯನ್ನೇ ನೋಡಬೇಕು.

ಕಲ್ಚರ್‌ಗೆ ಬಂದರೆ, ಮೊದಲ ವಾರದ ಶತ್ರು ಬಾಯಿಯ ಶಿಲೀಂಧ್ರ, ಎರಡನೆಯ ವಾರದ್ದು ಫೈಬ್ರೋಬ್ಲಾಸ್ಟ್, ಅಂದರೆ ನಾರು ಕಟ್ಟುವ ಕೋಶ. ಫೈಬ್ರೋಬ್ಲಾಸ್ಟ್‌ಗಳು ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವ ಟ್ರಿಪ್ಸಿನ್‌ಗೆ ಬೇಗ ಬಿಡುತ್ತವೆ. ಮೊದಲ ಒಂದೆರಡು ನಿಮಿಷದಲ್ಲಿ ಎದ್ದವನ್ನು ಚೆಲ್ಲಿ, ಅಂಟಿಕೊಂಡು ಉಳಿದವನ್ನು ಬೆಳೆಸಿ. ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣದು, ಕೋಶಗೋಡೆ ಇಲ್ಲದ್ದರಿಂದ ಪೆನಿಸಿಲಿನ್‌ಗೆ ಸಾಯದು. ತಿಂಗಳಿಗೊಮ್ಮೆ ಪಿಸಿಆರ್ ಮಾಡಿಯೇ ಹಿಡಿಯಬೇಕು. ಫ್ರೀಜರಿನಲ್ಲಿರುವ ಹಳೆಯ ಸೆಲ್ ಲೈನ್‌ಗಳ (ಲ್ಯಾಬಿನಲ್ಲಿ ನಿರಂತರ ಬೆಳೆಸುವ ಕೋಶಗಳ) ಹೆಸರನ್ನೂ ನಂಬಬೇಡಿ. ಬಾಯಿ ಕ್ಯಾನ್ಸರಿನದ್ದೆಂದು ದಶಕಗಟ್ಟಲೆ ಬಳಸಿದ ಕೆಬಿ, ಧ್ವನಿಪೆಟ್ಟಿಗೆಯದ್ದೆಂದ ಹೆಪ್–2, ಎರಡೂ ನಿಜದಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ 1951ರಲ್ಲಿ ಬೆಳೆಸಿದ ಹೀಲಾ ಕೋಶಗಳು. ಹೀಲಾದೊಳಗೆ ಎಚ್‌ಪಿವಿ 18 ಇದೆ. ಕೆಬಿಯಲ್ಲಿ ಎಚ್‌ಪಿವಿ ಸಿಕ್ಕಿತೆಂದು ಬಾಯಿ ಕ್ಯಾನ್ಸರಿನ ಬಗ್ಗೆ ತೀರ್ಮಾನಿಸಿದರೆ ಏನಾಗುತ್ತದೆಂದು ಯೋಚಿಸಿ. ಪ್ರಯೋಗಕ್ಕೆ ಮುಂಚೆ ಡಿಎನ್‌ಎ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆ ಮಾಡಿಸುವುದು ಇದಕ್ಕೇ.

ಕೊನೆಯದಾಗಿ ನಿಮ್ಮ ಸುರಕ್ಷತೆ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳ ಮೂರು ಡೋಸ್. ಮೊದಲನೆಯದನ್ನು ಸೇರುವ ಮುನ್ನವೇ ಹಾಕಿಸಿಕೊಳ್ಳಿ. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿಸುತ್ತದೆ. ಕ್ಯಾನ್ ಲಿಫ್ಟಿನಲ್ಲಿ ಹೋಗಬೇಕಾದರೆ ಅದು ಒಂದೇ ಹೋಗಲಿ, ನೀವು ಮೆಟ್ಟಿಲು ಹತ್ತಿ. ಮೇಲೆ ಇಳಿಸಿಕೊಳ್ಳಲು ಒಬ್ಬರನ್ನು ನಿಲ್ಲಿಸಿರಿ.